ಗಿರಣಿ ನಿಂತ ಮೇಲೆ

ಸಾತಪ್ಪಾ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಎಡ ಹೆಗಲಿನ ಎಲುಬು ಬಿರುಕು ಬಿಟ್ಟಿದೆ, ಗಡಹಿಂಗ್ಲಜದ ಡಾಕ್ಟರು ಕೈಯನ್ನು ಕೊರಳಿಗೆ ತೂಗುಹಾಕಿ ಕಳಿಸಿದ್ದಾರೆ. ನಾಯಿಯ ಪಕ್ಕೆಲುಬು ಮುರಿದಿದೆ, ಉಸಿರು ಎಳೆದುಕೊಂಡಾಗಲೆಲ್ಲ ನರಳುತ್ತದೆ. ನಿನ್ನ ಬಲಗೈಯ ಗತಿ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕೊಲ್ಲಾಪುರದ ಆಸ್ಪತ್ರೆಗೆ ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ಕತ್ತರಿಸುತ್ತೀ. ಪತ್ರವನ್ನು ಹಾಗೆ ಕತ್ತರಿಸಲು ಬರುವುದಿಲ್ಲ. ಹರಿಯಬೇಕೆಂದರೂ ಎರಡು ಕೈ ಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಿನ್ನ ಮಗ ಸ್ವಪ್ನಿಲ ಬಂದಿದ್ದ. ಹೊಸ್ತಿಲ ಹೊರಗೇ ನಿಂತು, ನೀನು ಹೇಳಿಕೊಟ್ಟದ್ದನ್ನು ನೆಲ ನೋಡುತ್ತ ಒಪ್ಪಿಸಿದ. "ಅತ್ಯಾ, ನಾಯಿಗಿ ಹುಚ್ಚ ಹಿಡದಿತ್ತು ಅಂತ ಪಂಚರ ಮುಂದ ಹೇಳಿ ಅದನ್ನ ಹೊಡಸಿಬಿಡ್ಬೇಕಂತ. ಇಲ್ಲಾಂದ್ರ ಇನ್ನ ಮ್ಯಾಲ ತವರಮನಿ ಬಾಗಲಾ ನಿನಗ ಮುಚ್ಚಿದಂಗ ಅಂತ ಅಪ್ಪಾ ಹೇಳ್ಯಾನ." ಅಷ್ಟು ಹೇಳಿ ನೀರೂ ಕುಡಿಯದೆ ಗಾಡಿ ತಿರುಗಿಸಿದ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನ ಬಾಯಲ್ಲಿ ಇಂಥ ಮಾತು ತುರುಕಿದೆಯಲ್ಲ, ಆ ನಿನ್ನ ಬಾಯಿಗೆ ಮಣ್ಣು ಹಾಕ!

ಇವತ್ತು ಮುಂಜಾನೆ ನಮ್ಮೂರು ನೂಲದ ಪಂಚರು ನಮ್ಮ ಹಿಟ್ಟಿನ ಗಿರಣಿಯ ಮುಂದೆಯೇ ಸೇರಿದ್ದರು. ಅಲ್ಲಿ ನಾನು ಏನು ಹೇಳಿದೆ ಎಂಬುದನ್ನು ನೀನು ಬೇರೆ ಯಾರ ಬಾಯಿಂದಲೂ ಕೇಳಬಾರದು. ನನ್ನ ಕೈಬರಹದಲ್ಲೇ ಓದು. ಆದರೆ ಮೊದಲಿನಿಂದ ಹೇಳುತ್ತೇನೆ. ಏಕೆಂದರೆ ಈ ನಾಯಿಯ ಕತೆಯಲ್ಲಿ ಅರ್ಧ ಮಾತ್ರ ನಿನಗೆ ಗೊತ್ತಿದೆ, ಅದೂ ಕೆಟ್ಟ ಅರ್ಧ.

ಬೇಸಿಗೆಯಲ್ಲಿ ಇಚಲಕರಂಜಿಯ ಅಭಯಕುಮಾರ ಒಂದು ಟೆಂಪೋ ಮಾಡಿಕೊಂಡು ಬಂದ. ಅವನು ಔಷಧದ ಅಂಗಡಿಯವನು, ಬೀದಿಯಲ್ಲಿ ಬಿದ್ದ ನಾಯಿಗಳನ್ನು ಎತ್ತಿ ತಂದು ಗುಣಪಡಿಸುವ ಹುಚ್ಚು ಅವನಿಗೆ. ಗುಣವಾಗುವವರೆಗೆ ಯಾರಾದರೊಬ್ಬರು ಮನೆಯಲ್ಲಿಟ್ಟುಕೊಂಡು ನೋಡಬೇಕು, ಹಿಂದೆ ಒಂದು ಕುಂಟು ನಾಯಿಯನ್ನು ನಾನು ಹಾಗೆ ನೋಡಿಕೊಂಡಿದ್ದೆ. ಟೆಂಪೋದ ಹಿಂದಿನ ಬಾಗಿಲು ತೆಗೆದಾಗ ಬಂದ ವಾಸನೆಗೆ ನಿನ್ನ ಭಾವ ಅಲ್ಲಪ್ಪನವರು ಮೂಗು ಮುಚ್ಚಿಕೊಂಡು ಒಳಗೆ ಹೋದರು. ಕರಿ ನಾಯಿ. ಒಂದು ಕಿವಿ ಅರ್ಧ ಇಲ್ಲ. ಮೇಲ್ದುಟಿ ಹರಿದು ಹಲ್ಲು ಕಾಣುತ್ತಿತ್ತು. ಕೊರಳಿಗೆ ಸುತ್ತಿದ್ದ ಬ್ರೇಕಿನ ತಂತಿಯ ಮೇಲೆ ಚರ್ಮ ಬೆಳೆದುಬಿಟ್ಟಿತ್ತಂತೆ. ಡಾಕ್ಟರು ಕೊಯ್ದು ತೆಗೆದ ಜಾಗದಲ್ಲಿ ಕೊರಳಿನ ಸುತ್ತ ಕೆಂಪು ಮಾಂಸದ ಪಟ್ಟಿ ಇತ್ತು, ಅದರಲ್ಲಿ ಹುಳ ಬಿದ್ದಿದ್ದವು. ಯಡ್ರಾವದ ಕರೆಂಟು ಮಗ್ಗದ ಶೆಡ್ಡುಗಳ ಹಿಂದಿನ ಗಟಾರದಲ್ಲಿ, ಸತ್ತಿದೆ ಎಂದು ಯಾರೋ ಒಗೆದು ಹೋಗಿದ್ದರಂತೆ.

"ಮಾವಶಿ, ಶೆಡ್ಡಿನ ಖಟಾಖಟಿಗಿ ಇದರ ತಲಿ ಕೆಟ್ಟೈತಿ. ಶಾಂತ ಜಾಗಾ ಬೇಕ ಇದಕ್ಕ. ನಿಮ್ಮ ಹೊಲದ ಮನ್ಯಾಗ ಇಟಗೋರಿ" ಎಂದ ಅಭಯಕುಮಾರ. ನನಗೂ ಸರಿಯೆನ್ನಿಸಿತು. ಮಗ್ಗದ ಊರಿನ ಸುತ್ತ ಬದುಕುವ ನಾವು ಹೀಗೇ ಅಲ್ಲವೇ ಯೋಚಿಸುವುದು? ಕಿವಿ ಹೋದರೆ ಶಬ್ದದಿಂದ, ತಲೆ ಕೆಟ್ಟರೆ ಶಬ್ದದಿಂದ, ನಿದ್ದೆ ಬರದಿದ್ದರೆ ಶಬ್ದದಿಂದ. ಶಾಂತಿ ಸಿಕ್ಕರೆ ಎಲ್ಲ ನೆಟ್ಟಗಾಗುತ್ತದೆ ಎಂದು ನಾವು ನಂಬಿಕೊಂಡಿದ್ದೇವೆ.

ಅವತ್ತೇ ನಿನಗೆ ಫೋನ್ ಮಾಡಿದ್ದೆ, ನೆನಪಿದೆಯೇ? ನನ್ನ ತಮ್ಮ ಯಡ್ರಾವದಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್, ಶೆಡ್ಡು ಶೆಡ್ಡು ತಿರುಗುವವನು, ಅವನಿಗೆ ಗೊತ್ತಿರದೇ ಇರುತ್ತದೆಯೇ ಎಂದು ದೊಡ್ಡ ಹೆಮ್ಮೆಯಿಂದ ಕೇಳಿದೆ. ಕರಿ ನಾಯಿ, ಕಿವಿ ಹರಿದದ್ದು, ಕೊರಳಿಗೆ ತಂತಿ. ನೀನು ನಕ್ಕೆ. "ಏ ಬಿಡಕ್ಕಾ, ಇಂಥಾವು ಇಲ್ಲೆ ಗಲ್ಲಿಗೊಂದ ಬಿದ್ದಾವ. ನಂಗೇನ ಗೊತ್ತು? ನಿನಗ ಬ್ಯಾರೆ ಉದ್ಯೋಗಿಲ್ಲೇನ?" ಎಂದೆ. ನಾನೂ ನಕ್ಕೆ. ನಾಯಿ ಸಾಕುವ ಹುಚ್ಚಿ ಎಂದು ನೀನು ಚೇಷ್ಟೆ ಮಾಡುತ್ತಿದ್ದೀ ಅಂದುಕೊಂಡೆ.

ಹೊಲದ ಮನೆಯೆಂದರೆ ಗೊತ್ತಲ್ಲ, ನಾಲ್ಕೂ ಕಡೆ ಕಬ್ಬು, ಹಕ್ಕಿಯ ದನಿ ಬಿಟ್ಟರೆ ಏನೂ ಇಲ್ಲ. ಅಲ್ಲಿ ಕಟ್ಟಿದ ಮೇಲೆ ನಾಯಿ ಇನ್ನೂ ಕೆಟ್ಟಿತು. ಮಲಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತೇ ಇರುತ್ತಿತ್ತು, ಮೈ ಗಡಗಡ ನಡುಗುತ್ತಿತ್ತು. ಎಲೆ ಬಿದ್ದರೂ ಹಾರಿ ಕಚ್ಚುತ್ತಿತ್ತು. ಕಚ್ಚಲು ಏನೂ ಸಿಗದಿದ್ದರೆ ತನ್ನ ಕಾಲನ್ನೇ ಕಚ್ಚಿಕೊಳ್ಳುತ್ತಿತ್ತು, ಎಲುಬು ಕಾಣುವವರೆಗೆ. ಹತ್ತಿರ ಸುಳಿದ ಒಂದು ಕೋಳಿಯನ್ನು ಹಿಡಿದು ಝಾಡಿಸಿತು. ತಿನ್ನಲಿಕ್ಕಲ್ಲ, ಸಾತಪ್ಪಾ. ಕೋಳಿ ಸತ್ತ ಮೇಲೂ ಬಿಡದೆ, ಯಾರೋ ಸಾಕು ಅನ್ನುವವರೆಗೆ ಝಾಡಿಸುವ ಹಾಗೆ ಝಾಡಿಸುತ್ತಲೇ ಇತ್ತು.

ನಾನು ದಿನಾಲೂ ಹೋಗಿ ಅದರ ಸರಪಳಿ ಮುಟ್ಟದಷ್ಟು ದೂರ ಕೂತು ರೊಟ್ಟಿ ಎಸೆಯುತ್ತಿದ್ದೆ. ಬೈಯುತ್ತಲೇ ಕೂರುತ್ತಿದ್ದೆ. "ತಿನ್ನೋ ಹಾಳಾದವನ, ನಿನ್ನ ಹೆಣಾ ಹೊರೂದಕ್ಕೂ ನನಗ ಪುರಸೊತ್ತಿಲ್ಲ." ಬೈಯದೆ ಪ್ರೀತಿ ಮಾಡಲು ನನಗೆ ಬರುವುದಿಲ್ಲ, ನಿನಗೂ ಗೊತ್ತು. ಒಂದು ದಿನ ನಿನ್ನ ಭಾವ ನೀರಿನ ಪಾತ್ರೆ ಸರಿಸಲು ಹೋದರು. ಮೀನಖಂಡದ ಮಾಂಸ ಕಿತ್ತು ಬಂತು. ರಕ್ತ ಸೋರುವ ಕಾಲು ಹಿಡಿದುಕೊಂಡು ಅವರು ಹೇಳಿದ ಮಾತು ಇಷ್ಟೇ: "ನೀ ಇದನ್ನ ಸಾಕಾಕತ್ತಿಯೋ, ಇದರ ಬಾಯಾಗ ನಮ್ಮನ್ನ ಹಾಕಾಕತ್ತಿಯೋ?" ಪಾಪದ ಮನುಷ್ಯ. ಬೇರೆ ಯಾರಾದರೂ ಆಗಿದ್ದರೆ ನಾಯಿಯ ಜೊತೆ ನನ್ನನ್ನೂ ಹೊರಗೆ ಹಾಕುತ್ತಿದ್ದರು.

ಕಾಲಿಗೆ ಹೊಲಿಗೆ ಬಿದ್ದ ಮೇಲೆ ಅವರಿಗೆ ಹೊಲಕ್ಕೆ ಹೋಗಲು ಆಗಲಿಲ್ಲ, ನನಗೆ ಗಿರಣಿ ಬಿಟ್ಟು ಹೋಗಲು ಆಗಲಿಲ್ಲ. ಬೇರೆ ದಾರಿಯಿಲ್ಲದೆ ಅಭಯಕುಮಾರನನ್ನು ಕರೆಸಿ, ನಾಯಿಯ ಬಾಯಿಗೆ ಪಟ್ಟಿ ಕಟ್ಟಿಸಿ ಊರೊಳಗೆ ತಂದು ಗಿರಣಿಯ ಹಿಂದಿನ ಕಂಬಕ್ಕೆ ಕಟ್ಟಿಸಿದೆ. ಪಟ್ಟಿ ಬಿಚ್ಚಿದ ಮೇಲೆ ಹೆದರುತ್ತಲೇ ಗಿರಣಿ ಚಾಲೂ ಮಾಡಿದೆ. ಈ ಗದ್ದಲಕ್ಕೆ ಇದು ಸರಪಳಿ ಹರಿದುಕೊಂಡು ಯಾರನ್ನು ತಿನ್ನುತ್ತದೋ ಎಂದು ಕೈಯಲ್ಲಿ ನೀರಿನ ಕೊಡ ಹಿಡಿದು ನಿಂತಿದ್ದೆ. ನಾಯಿ ಕಿವಿ ನೆಟ್ಟಗೆ ಮಾಡಿತು. ಸುತ್ತ ನೋಡಿತು. ಆಮೇಲೆ ಕಾಲು ಮಡಚಿ ಕೂತಿತು, ಪಕ್ಕಕ್ಕೆ ಉರುಳಿತು, ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟಿತು. ಗೊರಕೆ ಹೊಡೆಯಿತು! ನಾನು ಕೊಡ ಹಿಡಿದೇ ನಿಂತಿದ್ದೆ, ಜೋಳ ತಂದ ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. ಸಂಜೆಗೆ ಕರಿ ನಾಯಿ ಹಿಟ್ಟು ಕೂತು ಬೆಳ್ಳಗಾಗಿತ್ತು. ಅವತ್ತಿನಿಂದ ಅದಕ್ಕೆ ಹಿಟ್ಟಪ್ಪ ಎಂದು ಹೆಸರಾಯಿತು.

ಆದರೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಗಿರಣಿಯ ಚಕ್ರದ ಪಟ್ಟಾ ಸುತ್ತುವುದು ನಿಧಾನವಾಗಿ, ನಿಂತಿತು. ಮಲಗಿದ್ದ ಹಿಟ್ಟಪ್ಪ ಎದ್ದು ಗೋಡೆಗೆ ಬೆನ್ನು ಕೊಟ್ಟ. ಕಣ್ಣು ಬೇರೆಯದೇ ಆಗಿತ್ತು. ಹತ್ತಿರವಿದ್ದ ಗೋಣಿ ಚೀಲದ ಮೇಲೆ ಹಾರಿ ಅದನ್ನು ಹರಿದು, ಝಾಡಿಸಿ, ಚೀಲ ತಪ್ಪಿದ ಮೇಲೆ ಸರಪಳಿಯನ್ನೇ ಕಚ್ಚಿ ಒಸಡಿನಿಂದ ರಕ್ತ ಬರಿಸಿಕೊಂಡ. ಕರೆಂಟು ಬಂದು ಗಿರಣಿ ತಿರುಗಿದ ಮೇಲೆ ಬಿಟ್ಟ.

ಆಗ ಅಲ್ಲಿ ಮಾಯವ್ವ ಇದ್ದಳು. ನಮ್ಮೂರಿನವಳೇ, ಯಡ್ರಾವದ ಶೆಡ್ಡೊಂದರಲ್ಲಿ ಲಾಳಿಗೆ ಹಾಕುವ ದಾರದ ಕಾಂಡಿ ಸುತ್ತುತ್ತಿದ್ದಳು, ಹತ್ತಿಯ ಧೂಳಿಗೆ ಕೆಮ್ಮು ಹತ್ತಿದ ಮೇಲೆ ಊರಿಗೆ ಬಂದು ಆಡು ಕಾಯುತ್ತಾಳೆ. ನಾಯಿಯನ್ನು ನೋಡಿದವಳೇ ಹಣೆ ಬಡಿದುಕೊಂಡಳು. "ಅಯ್ಯ ನನ ಶಿವನ, ಇದು ನಮ್ಮ ಶೆಡ್ಡಿಂದ ಅಕ್ಕಾರ! ಮಗ್ಗ ನಡ್ಯಾಕತ್ತಿದ್ರ ಇವನ್ನ ಯಾರೂ ಮುಟ್ಟತಿರಲಿಲ್ರಿ. ಸೂಟಿ ದಿನಾ ಮಗ್ಗಾ ಬಂದ್ ಆದ್ವು ಅಂದ್ರ ಮುಗೀತು. ಎರಡ ಸಾಲಿನ ನಡಕ ಎರಡ ನಾಯಿ ತಂದ ಬಿಡತಿದ್ರು. ಕಾದಾಡಾಕ ಒಲ್ಲೆ ಅಂದದ್ದಕ್ಕ ಮಗ್ಗದ ದಾಂಡಿ ಬಡಗೀಲೇ ಬಡೀತಿದ್ರು. ಒಂದು ಸಾಯೂಮಟಾ ಬಿಡತಿರಲಿಲ್ರಿ."

ಯಾರು ಬಿಡುತ್ತಿದ್ದರು ಎಂದು ಕೇಳಿದೆ. ಮಾಯವ್ವ ಸೆರಗು ಬಾಯಿಗೆ ಹಚ್ಚಿಕೊಂಡಳು. "ಹೆಸರ ಕೇಳಬ್ಯಾಡ್ರಿ ಅಕ್ಕಾರ. ನಿಮ್ಮ ಕೈ ಮುಗೀತೇನಿ." ಬಡವಿ, ಮಾಲಕರಿಗೆ ಹೆದರುತ್ತಾಳೆ ಅಂದುಕೊಂಡೆ. ಆ ಹೆಸರು ಹೇಳಿದರೆ ನನಗೆ ಏನಾಗುತ್ತದೆ ಎಂದು ಅವಳು ಹೆದರಿದ್ದಳು ಎಂಬುದು ನನ್ನ ಮಂದ ಬುದ್ಧಿಗೆ ಹೊಳೆಯಲೇ ಇಲ್ಲ.

ಅಂತೂ ಅವತ್ತು ಗೊತ್ತಾಯಿತು. ಶಬ್ದ ಇದ್ದಷ್ಟು ಹೊತ್ತು ಅದರ ಜೀವ ಸುರಕ್ಷಿತ. ಶಬ್ದ ನಿಂತಿತೆಂದರೆ ಎದುರಿನದನ್ನು ಕೊಲ್ಲಬೇಕು, ಇಲ್ಲವೆಂದರೆ ತಾನು ಸಾಯಬೇಕು. ಅಂಥ ಪ್ರಾಣಿಯನ್ನು ಒಯ್ದು ನಾನು ಮತ್ತು ಅಭಯಕುಮಾರ ಇಬ್ಬರು ಶಾಣ್ಯಾರು ಕಬ್ಬಿನ ನಡುವಿನ ಮೌನದಲ್ಲಿ ಕಟ್ಟಿದ್ದೆವು. ಹಗಲೂ ರಾತ್ರಿ ಅದಕ್ಕೆ ಕಾದಾಟ ಈಗ ಶುರುವಾಗುತ್ತದೆ, ಈಗ ಶುರುವಾಗುತ್ತದೆ ಅನ್ನಿಸಿರಬೇಕು.

ಆಮೇಲೆ ನಾನು ಅದಕ್ಕೆ ಮೌನ ಕಲಿಸಲು ಶುರು ಮಾಡಿದೆ. ಗಿರಾಕಿ ಇಲ್ಲದಾಗ ಗಿರಣಿಯನ್ನು ಖಾಲಿಯೇ ತಿರುಗಿಸುವುದು. ಹಿಟ್ಟಪ್ಪ ಮಲಗಿದ ಮೇಲೆ ಸ್ವಿಚ್ಚು ಆರಿಸುವುದು. ಅವನು ಎದ್ದು ಹಲ್ಲು ಕಿರಿಯುವ ಮೊದಲೇ ಬೆಲ್ಲ ಹಚ್ಚಿದ ರೊಟ್ಟಿಯ ತುಣುಕು ಮುಂದೆ ಬೀಳಬೇಕು, ಕೂಡಲೇ ಗಿರಣಿ ಮತ್ತೆ ಚಾಲೂ ಆಗಬೇಕು. ಆ ಮೌನವನ್ನು ಸ್ವಲ್ಪ ಸ್ವಲ್ಪವೇ ಎಳೆದೆ. ಒಮ್ಮೆ ಹೆಬ್ಬೆರಳಿನ ಉಗುರು ಹೋಯಿತು. ಇನ್ನೊಮ್ಮೆ ಮೊಣಕೈಗೆ ಹಲ್ಲು ಇಳಿಯಿತು. ಬಿಡಿಸಿಕೊಳ್ಳಲು ಅದರ ಮೂಗಿಗೆ ಗುದ್ದಿದೆ, ಗುದ್ದಿದ ಮೇಲೆ ಇಡೀ ಸಂಜೆ ಅತ್ತೆ. ಏಕೆಂದರೆ ಗುದ್ದಿಸಿಕೊಂಡ ಕೂಡಲೇ ಅದು ಶಾಂತವಾಗಿತ್ತು. ಹೊಡೆತವೊಂದೇ ಅದಕ್ಕೆ ತಿಳಿಯುವ ಭಾಷೆಯಾಗಿತ್ತು, ಮತ್ತು ನಾನೂ ಅದೇ ಭಾಷೆ ಆಡಿಬಿಟ್ಟಿದ್ದೆ. ಮತ್ತೆ ಎಂದೂ ಕೈ ಎತ್ತಲಿಲ್ಲ. ಬಾಯಿ ಮಾತ್ರ ಮುಚ್ಚಲಿಲ್ಲ, ಬೈಗುಳ ಧಾರಾಳವಾಗಿ ಕೊಟ್ಟೆ.

ಶ್ರಾವಣ ಬರುವ ಹೊತ್ತಿಗೆ ಕರೆಂಟು ಹೋದರೂ ಹಿಟ್ಟಪ್ಪ ಮಲಗಿದ ಜಾಗದಿಂದ ಏಳುತ್ತಿರಲಿಲ್ಲ. ಮೈ ನಡುಗುತ್ತಿತ್ತು, ಆದರೆ ಕಣ್ಣು ನನ್ನ ಕೈಯ ಮೇಲಿರುತ್ತಿತ್ತು. ನಿನ್ನ ಭಾವ ಅದರ ಕಿವಿಯ ಹಿಂದೆ ಕೆರೆದು, "ನನ್ನ ಮೀನಖಂಡ ಹೆಂಗಿತ್ತೋ, ರುಚಿ ಇತ್ತೇನ?" ಎಂದು ಕೇಳುವಷ್ಟು ಗೆಳೆಯರಾಗಿದ್ದರು. ಸರಪಳಿ ಬಿಚ್ಚಿದ್ದೆವು. ಗಿರಣಿಗೆ ಬರುವ ಮಕ್ಕಳು ಅದರ ಬೆನ್ನಿನ ಹಿಟ್ಟಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಿದ್ದರು.

ಆಗ ಪಂಚಮಿಗೆ ನನ್ನನ್ನು ಕರೆಯಲು ನೀನು ಬಂದೆ.

ಎಷ್ಟೋ ವರ್ಷಗಳ ಮೇಲೆ ತಮ್ಮ ಕರೆಯಲು ಬಂದಿದ್ದಾನೆಂದು ನನ್ನ ಸಂಭ್ರಮ ಹೇಳತೀರದು. ನಿನ್ನ ಭಾವನಿಗೆ ಚಹಾ ಇಡಲು ಹೇಳಿ, ಮೈಮೇಲಿನ ಹಿಟ್ಟು ಝಾಡಿಸಿಕೊಂಡು ಹೊರಗೆ ಬಂದೆ. ಗಿರಣಿ ನಡೆಯುತ್ತಿತ್ತು, ಮಾಯವ್ವ ತನ್ನ ಜೋಳ ಬೀಸಿಸಿಕೊಳ್ಳುತ್ತಿದ್ದಳು, ಅವಳ ಆಡು ಹೊರಗೆ ಕಟ್ಟಿತ್ತು. ನಿನ್ನನ್ನು ನೋಡಿದ ಕೂಡಲೇ ಮಾಯವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಹಿಟ್ಟಪ್ಪ ಎದ್ದ. ಬಾಲವನ್ನು ಹೊಟ್ಟೆಯ ಕೆಳಗೆ ಎಳೆದುಕೊಂಡು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡ. ನೀನು ಅದನ್ನೇ ದಿಟ್ಟಿಸಿ ನೋಡಿ ಹೇಳಿದೆ: "ಏ, ಇದಿನ್ನೂ ಸತ್ತಿಲ್ಲೇನ?"

ಆ ಒಂದು ಮಾತು ಸಾಕಾಯಿತು, ಸಾತಪ್ಪಾ. ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಫೋನಿನಲ್ಲಿ ನೀನು ನಕ್ಕ ನಗೆ ಕಿವಿಯಲ್ಲಿ ಮತ್ತೆ ಕೇಳಿಸಿತು. ನೀನಾದರೂ ತಲೆ ತಗ್ಗಿಸಿದೆಯಾ? ನನ್ನ ಮುಖ ನೋಡಿಯೂ ನೋಡದವನ ಹಾಗೆ, ಚಹಾ ಹಿಡಿದು ಬಂದ ನಿನ್ನ ಭಾವನಿಗೆ ಹೇಳತೊಡಗಿದೆ. "ಮಾಮಾ, ಇದು ವಾಘ್ಯಾ. ನಮ್ಮ ಶೆಡ್ಡಿನ ಹುಲಿ. ಇದರ ಮುಂದ ಯಾವ ನಾಯೀನೂ ಉಳದಿಲ್ಲ. ಕಡೀಕ ಒಂದರ ಮುಂದ ಬಿದ್ದ ಬಿಡ್ತು, ಸತ್ತತಿ ಅಂತ ಒಗದಿದ್ವಿ. ಜೀವಾ ಗಟ್ಟಿ ಮಗಂದು! ಅಕ್ಕಾ ರೊಟ್ಟಿ ಹಾಕಿ ಚಲೋ ತಯಾರ ಮಾಡ್ಯಾಳ, ನಾ ತಿರಗಿ ಒಯ್ತೇನಿ." ನಾನು ಒಯ್ಯಲು ಬಿಡುವುದಿಲ್ಲ ಎಂದೆ. ಅದು ಈಗ ಕಾದಾಡುವ ನಾಯಿಯಲ್ಲ ಎಂದೆ. ನಿನಗೆ ನಗು ಬಂತು. "ಹೌದಾ? ನೋಡ ಹಂಗಾರ" ಎಂದು ನೀನೇ ಹೋಗಿ ಗಿರಣಿಯ ಸ್ವಿಚ್ಚು ಆರಿಸಿದೆ.

ಮೌನಕ್ಕೆ ನಾಯಿ ಏನು ಮಾಡುತ್ತದೆ ಎಂದು ನಿನಗೆ ಗೊತ್ತಿತ್ತು. ನಾನು ಬೇಸಿಗೆಯಿಡೀ ಒದ್ದಾಡಿ ತಿಳಿದುಕೊಂಡದ್ದು ನಿನಗೆ ಮೊದಲೇ ಗೊತ್ತಿತ್ತು, ಏಕೆಂದರೆ ಕಲಿಸಿದವನೇ ನೀನು. ಪಟ್ಟಾ ನಿಂತಿತು. ನೀನು ಹಲ್ಲಿನ ಸಂದಿಯಿಂದ ಶಿಳ್ಳೆ ಹಾಕಿ ಮಾಯವ್ವನ ಆಡಿನ ಕಡೆ ಬೆರಳು ತೋರಿಸಿದೆ. ಹಿಟ್ಟಪ್ಪ ಎಲೆಯ ಹಾಗೆ ನಡುಗುತ್ತಿದ್ದ. ನಿನ್ನ ಬೆರಳು ನೋಡಿದ, ಆಡು ನೋಡಿದ, ನನ್ನನ್ನು ನೋಡಿದ. "ಕುಂಡ್ರೋ ಹಿಟ್ಟಪ್ಪಾ" ಎಂದೆ, ನನ್ನ ದನಿ ನನಗೇ ಕೇಳಿಸದಷ್ಟು ಮೆಲ್ಲಗೆ. ಅವನು ಕೂತ. ತನ್ನ ಉಚ್ಚೆಯಲ್ಲೇ ಕೂತ, ಆದರೆ ಕೂತ. ನನ್ನ ಜನ್ಮದಲ್ಲಿ ಅಷ್ಟು ದೊಡ್ಡ ಧೈರ್ಯವನ್ನು ನಾನು ಯಾವ ಗಂಡಸಿನಲ್ಲೂ ನೋಡಿಲ್ಲ.

ನೀನು ಅದನ್ನು ನೋಡಿ ನಕ್ಕು ಬಿಟ್ಟುಬಿಡಬಹುದಿತ್ತು. ಚಹಾ ಆರುತ್ತಿತ್ತು, ಕುಡಿಯಬಹುದಿತ್ತು. ಆದರೆ ಇಬ್ಬರು ಹೆಂಗಸರ ಎದುರು, ಭಾವನ ಎದುರು, ಒಂದು ನಾಯಿ ನಿನ್ನ ಮಾತು ಕೇಳಲಿಲ್ಲ ಎಂಬುದು ನಿನಗೆ ತಡೆಯಲಾಗಲಿಲ್ಲ. ಗಿರಣಿಯ ಪಟ್ಟಾ ಏರಿಸುವ ಬಡಿಗೆ ಗೋಡೆಗೆ ಆನಿಸಿತ್ತು, ಅದನ್ನು ಎತ್ತಿಕೊಂಡೆ. ಮೊದಲ ಏಟು ಅದರ ಪಕ್ಕೆಗೆ ಬಿತ್ತು. ಎಲುಬು ಮುರಿದ ಸಪ್ಪಳ ನನಗೆ ಕೇಳಿಸಿತು, ಗಿರಣಿ ನಿಂತಿತ್ತಲ್ಲ. ನಾಯಿ ಕಿರುಚಿತು, ಆದರೆ ನಿನ್ನನ್ನು ಕಚ್ಚಲಿಲ್ಲ. ಎರಡನೆಯದು ಸೊಂಟಕ್ಕೆ ಬಿತ್ತು. ಆಗಲೂ ಕಚ್ಚಲಿಲ್ಲ. ನೆಲಕ್ಕೆ ಹೊಟ್ಟೆ ಹಚ್ಚಿ ತೆವಳುತ್ತ ನನ್ನ ಕಾಲ ಹಿಂದೆ ಬಂತು. ನೀನು ಬಾಯಿಗೆ ಬಂದದ್ದು ಬೈಯುತ್ತ ಬಡಿಗೆಯನ್ನು ತಲೆಯ ಮೇಲೆ ಎತ್ತಿ ಬಂದೆ, ಕೊಂದೇ ಬಿಡುವವನ ಹಾಗೆ. ನಾನು ಸರಿಯಲಿಲ್ಲ.

ನಿನಗೆ ನೆನಪಿರಲಿಕ್ಕಿಲ್ಲ, ನೀನು ಭಾಳ ಸಣ್ಣವನು. ಅಪ್ಪ ಕುಡಿದು ಬಂದು ಬಾರುಕೋಲು ಎತ್ತಿದಾಗಲೆಲ್ಲ ನಾನು ನಡುವೆ ನಿಲ್ಲುತ್ತಿದ್ದೆ. ನೀನು ನನ್ನ ಹಿಂದೆ ನಿಂತು ಲಂಗ ಹಿಡಿದುಕೊಂಡು ನಡುಗುತ್ತಿದ್ದೆ, ನಿನ್ನ ಹಲ್ಲು ಕಟಕಟ ಅನ್ನುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನೀನು ಪಂಚಮಿಗೆ ಕರೆಯಲು ಬಂದ ದಿನವೂ ನಾನು ಹಾಗೆಯೇ ನಿಂತಿದ್ದೆ. ಹಿಂದೆ ನಡುಗುತ್ತಿದ್ದದ್ದು ನಾಯಿ. ಬಡಿಗೆ ನಿನ್ನ ಕೈಯಲ್ಲಿತ್ತು, ಮುಖ ಅಪ್ಪನದಾಗಿತ್ತು.

ಏಟು ನನ್ನ ಹೆಗಲಿಗೆ ಬಿತ್ತು. ನಾನು ಚೀರಿದೆ. ಆಗ, ನನ್ನ ಚೀರಾಟ ಕೇಳಿದ ಮೇಲೆ, ಹಿಟ್ಟಪ್ಪ ಹಾರಿದ. ನಿನ್ನ ಬಲಗೈ ಮಣಿಕಟ್ಟಿನವರೆಗೆ ಅವನ ಬಾಯಲ್ಲಿತ್ತು. ನೀನು ಅವನ ತಲೆಯನ್ನು ಗಿರಣಿಯ ಕಟ್ಟೆಗೆ ಅಪ್ಪಳಿಸಿದೆ, ಅವನು ಬಿಡಲಿಲ್ಲ. ಹಿಟ್ಟಿನ ಮೇಲೆ ರಕ್ತ ಬಿದ್ದು ಕೆಸರಾಯಿತು. ನಿನ್ನ ಬೆರಳು ಅವನ ಹಲ್ಲಿನ ನಡುವೆ ಮುರಿಯುವುದನ್ನು ನಾನು ನೋಡಿದೆ, ನೀನು "ಅಕ್ಕಾ, ಅಕ್ಕಾ" ಎಂದು ಕೂಗಿದ್ದನ್ನು ಕೇಳಿದೆ. ಸಣ್ಣವನಿದ್ದಾಗ ಕೂಗುತ್ತಿದ್ದಂತೆಯೇ ಕೂಗಿದೆ. ನಾನು ಒಂದೇ ಕೈಯಿಂದ ಅವನ ಕೊರಳು ಅಪ್ಪಿಕೊಂಡು ಕಿವಿಯಲ್ಲಿ "ಬಿಡೋ ನನ ಬಂಗಾರ, ಸಾಕ ಬಿಡೋ" ಎಂದೆ. ಬಿಟ್ಟ. ನನ್ನ ಮಾತಿಗೆ ಬಿಟ್ಟ, ಸಾತಪ್ಪಾ. ಅವನು ಬಿಡದಿದ್ದರೆ ನೀನು ಇವತ್ತು ಈ ಪತ್ರ ಓದಲು ಇರುತ್ತಿರಲಿಲ್ಲ.

ಜನ ಬಡಿಗೆ, ಕೊಡಲಿ ಹಿಡಿದು ಓಡಿ ಬಂದರು. ನಾನು ನಾಯಿಯ ಮೇಲೆ ಬೋರಲು ಬಿದ್ದೆ. ಹೊಡೆಯುವುದಾದರೆ ನನ್ನ ಮೇಲೆ ಹೊಡೆಯಿರಿ ಎಂದು ಕಿರುಚಿದೆ. ನಿನ್ನನ್ನು ಜೀಪಿನಲ್ಲಿ ಹಾಕಿಕೊಂಡು ಹೋದರು. ಪಂಚರು ಸೇರಿ ತೀರ್ಮಾನ ಮಾಡುವವರೆಗೆ ನಾಯಿಯನ್ನು ಮುಟ್ಟುವುದಿಲ್ಲ ಎಂದು ಹಿರಿಯರಾದ ಯಲಗೂರಪ್ಪನವರು ಮಾತು ಕೊಟ್ಟ ಮೇಲೆಯೇ ನಾನು ಎದ್ದದ್ದು.

ಈಗ ಇವತ್ತಿನ ಮಾತು. ಯಲಗೂರಪ್ಪನವರು ಕಟ್ಟೆಯ ಮೇಲೆ ಕೂತು ಎಲ್ಲರೆದುರು ಕೇಳಿದರು. "ನೋಡ ಬಾಳಕ್ಕಾ, ತಾನಾಗೇ ಮನಶ್ಯಾರ ಮ್ಯಾಲ ಬಿದ್ದ ನಾಯೀನ ಊರಾಗ ಇಡಾಕ ಬರೂದಿಲ್ಲ. ಯಾರರ ಕೆಣಕಿದ್ರ ಮಾತ ಬ್ಯಾರೆ. ನಿನ್ನ ಹೆಗಲಾ ಹೆಂಗ ಮುರೀತು, ನೀನ ಹೇಳು." ನಿನ್ನ ಭಾವ ಆಗಲೇ ಊರಿಗೆಲ್ಲ ನಾನು ಪಟ್ಟಾಕ್ಕೆ ಸಿಕ್ಕು ಬಿದ್ದೆ ಎಂದು ಹೇಳಿಬಿಟ್ಟಿದ್ದರು. ನಿನ್ನ ಮಾನ ಉಳಿಸಲಿಕ್ಕೆ! ನಿನ್ನಿಂದ ಹೆಂಡತಿಯ ಎಲುಬು ಮುರಿಸಿಕೊಂಡ ಮನುಷ್ಯ ನಿನಗಾಗಿ ಸುಳ್ಳು ಹೇಳಿದ್ದರು. ಮಾಯವ್ವ ನೆಲ ನೋಡುತ್ತ ಕೂತಿದ್ದಳು. ನಾನು ಬಾಯಿ ಬಿಡದೆ ಅವಳು ಬಿಡುವಂತಿರಲಿಲ್ಲ.

ಗಂಡನ ಊರಿನಲ್ಲಿ ತವರಿನ ಮಾನ ಕಾಯುವುದು ಹೆಣ್ಣಿನ ಮೊದಲ ಕೆಲಸ ಎಂದು ಅವ್ವ ಹೇಳಿ ಕಳಿಸಿದ್ದಳು. ಇಷ್ಟು ವರ್ಷ ಕಾಯ್ದೆ. ನೀನು ನನ್ನ ಮಾವನವರ ಮಣ್ಣಿಗೆ ಬರದಿದ್ದಾಗ ಜ್ವರ ಬಂದಿದೆ ಎಂದೆ. ಹಬ್ಬಕ್ಕೆ ಕರೆಯದಿದ್ದಾಗ ಕೆಲಸದ ಗಡಿಬಿಡಿ ಎಂದೆ. ಕುಡಿದು ಬಂದು ಬಾಗಿಲಲ್ಲಿ ಬಿದ್ದಾಗ ಬಿಸಿಲು ತಾಗಿದೆ ಎಂದೆ. ನನ್ನ ತಮ್ಮ ಬಂಗಾರದಂಥವನು ಎಂದು ಈ ಊರಿನ ಪ್ರತಿ ಹೆಂಗಸಿಗೂ ಹೇಳಿದ್ದೇನೆ. ಇವತ್ತೂ ಒಂದು ಮಾತು ಸಾಕಿತ್ತು, ನಾಯಿಗೆ ಹುಚ್ಚು ಎಂದಿದ್ದರೆ ನಿನ್ನ ಮಾನವೂ ಉಳಿಯುತ್ತಿತ್ತು, ನನ್ನ ತವರೂ ಉಳಿಯುತ್ತಿತ್ತು. ಹಿಟ್ಟಪ್ಪ ಕಂಬದ ಹತ್ತಿರ ಮಲಗಿದ್ದ. ಗಿರಣಿ ನಿಂತಿತ್ತು. ಅಷ್ಟು ಜನರ ನಡುವೆ, ಅಷ್ಟು ಮೌನದಲ್ಲಿ, ಮುರಿದ ಎಲುಬು ಇಟ್ಟುಕೊಂಡು ಅವನು ಸುಮ್ಮನೆ ಮಲಗಿದ್ದ.

"ನನ್ನ ಹೆಗಲಾ ಮುರದಾಂವ ನನ್ನ ತಮ್ಮ ಸಾತಪ್ಪ" ಎಂದೆ. "ನಾಯಿ ಕೂತಿತ್ತು. ಅವನೇ ಗಿರಣಿ ಬಂದ್ ಮಾಡಿ ಆಡಿನ ಮ್ಯಾಲ ಛೂ ಬಿಟ್ಟ. ಹೋಗಲಿಲ್ಲ ಅಂತ ಅದನ್ನ ಹೊಡದ, ಅಡ್ಡ ನಿಂತೇನಿ ಅಂತ ನನ್ನ ಹೊಡದ." ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ನಿಲ್ಲಿಸಲಿಲ್ಲ. ಶೆಡ್ಡಿನಲ್ಲಿ ನಡೆಯುವುದನ್ನೂ ಹೇಳಿದೆ. ಆಗ ಮಾಯವ್ವ ಎದ್ದು ನಿಂತಳು. "ಹೌದ್ರಿ, ಖರೇ ಐತಿ. ನಾ ಕಣ್ಣಾರೆ ಕಂಡೇನಿ" ಎಂದಳು. ಯಲಗೂರಪ್ಪನವರು ಎದ್ದು, "ಈ ನಾಯಿ ನಮ್ಮೂರ ಸೊಸೀನ ಕಾದೈತಿ. ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ" ಎಂದು ಹೊರಟರು.

ಅಲ್ಲಿಗೆ ಮುಗಿಯಲಿಲ್ಲ. ಯಡ್ರಾವದ ಆ ಶೆಡ್ಡಿನ ಹಿಂದೆ ಇನ್ನೂ ನಾಯಿಗಳು ಕಟ್ಟಿವೆ ಎಂದು ಮಾಯವ್ವ ಹೇಳಿದಳು. ಅಭಯಕುಮಾರನನ್ನು ಕರೆಸಿದೆ. ಅವನು ಪೊಲೀಸರಿಗೆ ಕೊಡಲು ಮರಾಠಿಯಲ್ಲಿ ತಕ್ರಾರು ಬರೆದ, ಓದಿ ಹೇಳಿದ, "ಮಾವಶಿ, ಸಖ್ಖಾ ಭಾವು ಆಹೆ ತುಮಚಾ. ವಿಚಾರ ಕರಾ" ಎಂದ. ಒಡಹುಟ್ಟಿದವನು, ಯೋಚನೆ ಮಾಡು ಎಂದು ನನಗೆ ಅವನು ಹೇಳಬೇಕೇ? ನಿನ್ನ ಹೆಸರಿನ ಕೆಳಗೆ ನನ್ನ ಹೆಸರು ಬರೆದು ಸಹಿ ಮಾಡಿದೆ. ಬರೆಯುವಾಗ ಕಣ್ಣಿಗೆ ಏನೂ ಕಾಣಿಸುತ್ತಿರಲಿಲ್ಲ. ನಾಳೆಯೋ ನಾಡಿದ್ದೋ ಪೊಲೀಸರು ನಿನ್ನ ಮಂಚದ ಹತ್ತಿರ ಬರುತ್ತಾರೆ. ಆಗ ನನ್ನ ಅಕ್ಕ ಹಾಗೆ ಮಾಡಿರಲಾರಳು ಎಂದು ಹೇಳಬೇಡ. ಮಾಡಿದ್ದೇನೆ.

ನೀನು ತವರಿನ ಬಾಗಿಲು ಮುಚ್ಚು. ನನಗೆ ಎದೆ ಒಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಇದನ್ನು ಬರೆಯುವಾಗಲೂ ಅಳುತ್ತಿದ್ದೇನೆ. ಆದರೆ ಒಂದು ಮಾತು ಕೇಳು. ಆಸ್ಪತ್ರೆಯಿಂದ, ಪೊಲೀಸರಿಂದ ಬಿಡುಗಡೆಯಾದ ದಿನ ನಿನ್ನನ್ನು ಹೊತ್ತುಕೊಳ್ಳಲು ಆ ಶೆಡ್ಡಿನ ಗೆಳೆಯರು ಯಾರೂ ಬರುವುದಿಲ್ಲ. ಕೆಲಸಕ್ಕೆ ಬಾರದ್ದನ್ನು ಅವರು ಎಲ್ಲಿ ಒಗೆಯುತ್ತಾರೆ ಎಂದು ನಿನಗೆ ಗೊತ್ತಲ್ಲ. ಆಗ ನೆಟ್ಟಗೆ ನೂಲಕ್ಕೆ ಬಾ. ಬಲಗೈ ಆಡದೆ ರೊಟ್ಟಿ ಮುರಿಯಲು ಬರುವುದಿಲ್ಲ, ನಾನು ತುತ್ತು ಮಾಡಿ ಕೊಡುತ್ತೇನೆ. ಸಿಟ್ಟು ಬಂದರೆ ಕೂಗಾಡು, ನಾನೂ ಕೂಗಾಡುತ್ತೇನೆ. ಇಷ್ಟು ಮಾತ್ರ ತಿಳಿದುಕೊಂಡು ಬಾ: ನೀನು ಬಂದೆ ಎಂದು ಹಿಟ್ಟಪ್ಪನನ್ನು ಕಟ್ಟುವುದಿಲ್ಲ, ಹೊರಗೆ ಅಟ್ಟುವುದಿಲ್ಲ. ಅದು ಅವನ ಮನೆ. ಅವನಿಗೆ ನಿನ್ನ ಭಯ ಹೋಗುವವರೆಗೆ ನೀನು ನೆಲದ ಮೇಲೆ ಕೂರಬೇಕು.

ನಿನ್ನ ಕೈ ಬೇಗ ಮಾಯಲಿ. ಮಾಯ್ದ ಮೇಲೆ ಯಾವ ಜೀವದ ಮೇಲೂ ಏಳದಿರಲಿ. ಆ ಶಿವ ನಿನಗೆ ಗಟ್ಟಿ ಆಯುಷ್ಯ ಕೊಡಲಿ. ನಾಳೆ ನಿನಗೆ ಮೊಮ್ಮಕ್ಕಳಾದರೆ, ನಿನ್ನ ಹೆಜ್ಜೆಯ ಸಪ್ಪಳ ಕೇಳಿ ಅವು ಹೊರಗೆ ಓಡಿ ಬರಲಿ, ಒಳಗೆ ಓಡದಿರಲಿ.

ನಿನಗೆ ಬೈಯುವ ಹಕ್ಕನ್ನು ಇನ್ನೂ ಬಿಟ್ಟುಕೊಡದ
ನಿನ್ನ ಅಕ್ಕ,
ಬಾಳಕ್ಕ